ಹೆಸರು ಬಿಟ್ಟುಕೊಡದ ಎರಡು ಹೊಳೆಗಳು

ಶೃಂಗೇರಿ, ತೀರ್ಥಹಳ್ಳಿ ಕಡೆಯವರು ಮಾತಿನಲ್ಲಿ 'ನದಿ' ಅನ್ನುವುದು ಕಡಿಮೆ. ಹೊಳೆಗೆ ಹೋಗುತ್ತಾರೆ, ಹೊಳೆ ದಾಟುತ್ತಾರೆ. ಹಳಗನ್ನಡದಲ್ಲಿ ಇದು 'ಪೊೞೆ'. ಮಲಯಾಳದ 'ಪುೞ' ಇದರದೇ ಒಡಹುಟ್ಟು. ತುಂಗೆ, ಭದ್ರೆ ಅನ್ನುವ ಸಂಸ್ಕೃತ ಹೆಸರುಗಳಿಗೆ ಬೇರೆಯದೇ ಗತ್ತು.

ಆ ಎರಡೂ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ಹಿರಣ್ಯಾಕ್ಷನನ್ನು ಕೊಂದು ದಣಿದು ಕೂತ ವರಾಹನ ಕೋರೆಗಳಿಂದ ಇಳಿದ ಬೆವರು ತುಂಗೆ, ಭದ್ರೆಯಾಯಿತಂತೆ. ಕಣ್ಣಿನಿಂದ ಇಳಿದದ್ದು ನೇತ್ರಾವತಿ. ಈ ಕತೆಯಲ್ಲಿ ನನಗೆ ಇಷ್ಟವಾಗುವುದು ಅದರೊಳಗಿನ ಭೂಗೋಳ. ಒಂದೇ ಮೈ, ಬೇರೆ ಬೇರೆ ದಿಕ್ಕಿಗೆ ಇಳಿಯುವ ನೀರು: ಜಲವಿಭಾಜಕ ಅಂದರೆ ಇದೇ ಅಲ್ಲವೆ? ಬೆಟ್ಟದ ಏಣಿನ ಪಶ್ಚಿಮಕ್ಕೆ ಬಿದ್ದ ಮಳೆಹನಿ ನೇತ್ರಾವತಿ ಸೇರಿ, ನೂರು ಕಿಲೋಮೀಟರ್ ಆಸುಪಾಸಿನಲ್ಲೇ ಮಂಗಳೂರಿನ ಕಡಲು ಕಾಣುತ್ತದೆ. ಮಾರು ದೂರದಲ್ಲಿ ಪೂರ್ವಕ್ಕೆ ಬಿದ್ದದ್ದು ತುಂಗೆ, ತುಂಗಭದ್ರೆ, ಕೃಷ್ಣೆ ಎಂದು ಹೆಸರು ಬದಲಿಸುತ್ತ ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದು ಬಂಗಾಳ ಕೊಲ್ಲಿಗೆ ಬೀಳಬೇಕು.

ಕಣ್ಣೆದುರು ಕಡಲಿದ್ದೂ ಬೆನ್ನು ತಿರುಗಿಸಿ ಹೊರಡುವುದೇಕೆ? ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಸೀಳಿಕೊಂಡು ಹೋಯಿತು. ಪಶ್ಚಿಮದ ಅಂಚು ಎತ್ತರದಲ್ಲಿ ಉಳಿಯಿತು, ಪ್ರಸ್ಥಭೂಮಿ ಪೂರ್ವಕ್ಕೆ ವಾಲಿತು. ಹಲಗೆಯ ಒಂದು ಬದಿ ತುಸು ಎತ್ತಿ ನೀರು ಸುರಿದರೆ ಎತ್ತ ಹರಿಯುತ್ತದೋ ಅತ್ತಲೇ ನಮ್ಮ ದೊಡ್ಡ ಹೊಳೆಗಳೂ ಹರಿದವು. ಪಶ್ಚಿಮದ ಹೊಳೆಗಳದು ಗಿಡ್ಡ ದಾರಿ, ಕಡಿದಾದ ಇಳಿಜಾರು, ಹಾಗಾಗಿ ಕೊರೆಯುವ ಕಸುವು ಹೆಚ್ಚು. ಅವು ಘಟ್ಟದ ಅಂಚನ್ನು ಮೆಲ್ಲಮೆಲ್ಲನೆ ಪೂರ್ವಕ್ಕೆ ತಿನ್ನುತ್ತಲೇ ಇವೆ.

ಇನ್ನು ಹೆಸರಿನ ಸಂಗತಿ. ಎರಡು ಹೊಳೆ ಕೂಡಿದಲ್ಲಿ ಸಾಮಾನ್ಯವಾಗಿ ಒಂದರ ಹೆಸರು ಅಳಿಯುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಹಾಗೆಯೇ ನೇತ್ರಾವತಿಯಲ್ಲಿ ಕರಗುತ್ತದೆ. (ಅಲ್ಲಿ ಎರಡೂ ಉಕ್ಕಿ ದೇವಸ್ಥಾನದ ಎದುರಿಗೇ ಕೂಡಿದರೆ ಜನ ಅದನ್ನು ನೆರೆ ಅನ್ನುವುದಕ್ಕಿಂತ 'ಸಂಗಮ' ಅಂದು ಪೂಜೆ ಮಾಡುತ್ತಾರೆ.) ಆ ನೇತ್ರಾವತಿಯೂ ಬ್ರಿಟಿಷರ ಕಾಲದಲ್ಲಿ ದಡದ ಪೇಟೆಯ ಹೆಸರಿನಿಂದ 'ಬಂಟ್ವಾಳ ಹೊಳೆ' ಎನಿಸಿಕೊಂಡಿತ್ತು.

ಶಿವಮೊಗ್ಗದ ಹತ್ತಿರದ ಕೂಡಲಿಯಲ್ಲಿ ಮಾತ್ರ ಯಾರೂ ಸೋಲಲಿಲ್ಲ. ಉದ್ದದ ಲೆಕ್ಕ ಹಿಡಿದರೆ ಭದ್ರೆ ದೊಡ್ಡವಳು: ಸುಮಾರು 171 ಕಿ.ಮೀ., ತುಂಗೆ 147. ಆದರೆ 'ತುಂಗಾ ಪಾನ, ಗಂಗಾ ಸ್ನಾನ' ಎಂದು ಬಾಯಿಪಾಠವಾದ ಸಿಹಿನೀರಿನ ಹೆಸರನ್ನು ಬಿಡುವವರು ಯಾರು? ಎರಡನ್ನೂ ಹೊಸೆದು ತುಂಗಭದ್ರೆ ಎಂದರು. ಊರಿಗೆ ಮಾತ್ರ ಅಚ್ಚಗನ್ನಡ, ಕೂಡಿದ್ದರಿಂದ ಕೂಡಲಿ.

ಈ ಹೊಳೆಗೆ ಇನ್ನೊಂದು ಹಳೆಯ ಹೆಸರಿತ್ತು: ಪಂಪೆ. ಹಳಗನ್ನಡದ ಪಾಲ್ ಹಾಲಾದಂತೆ, ಪೊೞೆ ಹೊಳೆಯಾದಂತೆ ಪಂಪೆ ಹಂಪೆಯಾಯಿತು, ಆಮೇಲೆ ಹಂಪಿ. ವಿರೂಪಾಕ್ಷನ ಗುಡಿ ಬಳಿ ಸ್ನಾನಕ್ಕೆ ಇಳಿದವರನ್ನು ಇದ್ಯಾವ ಹೊಳೆ ಎಂದು ಕೇಳಿದರೆ ತುಂಗಭದ್ರೆ ಅನ್ನುತ್ತಾರೆ. ಅವರು ಬಂದಿಳಿದ ಬಸ್ಸಿನ ಬೋರ್ಡಿನಲ್ಲಿ ಆ ಹಳೆಯ ಹೆಸರೇ ಇರುತ್ತದೆ.