ಪೋಷಕರ ಬಗ್ಗೆ ಕೇಳಿದ್ದು ಯಾರನ್ನು?

ಶಾಲೆಯ ವಾತಾವರಣವನ್ನು ಅಳೆಯುವ ಪ್ರಯತ್ನಕ್ಕೆ ಅರವತ್ತು ವರ್ಷ ದಾಟಿದೆ. ಇಷ್ಟು ವರ್ಷಗಳಲ್ಲಿ ಪ್ರಶ್ನೆಗಳು ಬಹಳ ಸುಧಾರಿಸಿವೆ, ಆದರೆ ಅವನ್ನು ಯಾರಿಗೆ ಕೇಳಬೇಕು ಎಂಬ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಅಮೆರಿಕದ ಸಂಶೋಧಕರಾದ ಆಂಡ್ರ್ಯೂ ಹ್ಯಾಲ್ಪಿನ್ ಮತ್ತು ಡಾನ್ ಕ್ರಾಫ್ಟ್ 71 ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ 64 ಹೇಳಿಕೆಗಳ ಪಟ್ಟಿಯೊಂದನ್ನು ಕೊಟ್ಟು ಉತ್ತರ ಪಡೆದರು. 1963ರಲ್ಲಿ ಪ್ರಕಟವಾದ ಈ ಅಧ್ಯಯನ ಶಾಲೆಗಳನ್ನು ‘ಮುಕ್ತ’ದಿಂದ ‘ಮುಚ್ಚಿದ’ವರೆಗೆ ಆರು ಬಗೆಯಾಗಿ ವಿಂಗಡಿಸಿತು. ಅಳೆದದ್ದು ಎಂಟು ಅಂಶಗಳನ್ನು: ನಾಲ್ಕು ಶಿಕ್ಷಕರ ಒಡನಾಟಕ್ಕೆ ಸೇರಿದವು, ನಾಲ್ಕು ಮುಖ್ಯೋಪಾಧ್ಯಾಯರ ನಡವಳಿಕೆಗೆ. ಮಕ್ಕಳನ್ನೂ ಕೇಳಲಿಲ್ಲ, ಹೆತ್ತವರನ್ನೂ ಕೇಳಲಿಲ್ಲ.

ಹೆತ್ತವರಿಗೆ ಜಾಗ ಸಿಕ್ಕಿದ್ದು ಶಿಕಾಗೋದಲ್ಲಿ, ಅದೂ ಕಾನೂನಿನ ಬಲದಿಂದ. 1988ರ ಸುಧಾರಣಾ ಕಾಯ್ದೆ ಅಲ್ಲಿನ ಪ್ರತಿ ಸಾರ್ವಜನಿಕ ಶಾಲೆಗೂ ಸ್ಥಳೀಯ ಸಮಿತಿಯನ್ನು ರಚಿಸಿತು. ಅದರಲ್ಲಿ ಆರು ಪೋಷಕರು, ಇಬ್ಬರು ಊರಿನವರು, ಇಬ್ಬರು ಶಿಕ್ಷಕರು ಮತ್ತು ಶಾಲೆಯ ಮುಖ್ಯಸ್ಥರು. ಮುಖ್ಯಸ್ಥರನ್ನು ಆರಿಸುವ ಅಧಿಕಾರವೂ ಸಮಿತಿಯದೇ. ಇಷ್ಟು ದೊಡ್ಡ ಬದಲಾವಣೆ ಫಲ ಕೊಡುತ್ತಿದೆಯೇ ಎಂದು ನೋಡಲು 1990ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದು ಸಂಶೋಧನಾ ಒಕ್ಕೂಟ ಹುಟ್ಟಿತು. ಅದರ ಸಮೀಕ್ಷೆಗಳು ಕೊನೆಗೆ ಐದು ಆಧಾರಗಳಿಗೆ ಬಂದು ನಿಂತವು: ಪರಿಣಾಮಕಾರಿ ನಾಯಕತ್ವ, ಕೂಡಿ ದುಡಿಯುವ ಶಿಕ್ಷಕರು, ತೊಡಗಿಕೊಂಡ ಕುಟುಂಬಗಳು, ಆಸರೆಯಾಗುವ ವಾತಾವರಣ, ಮಹತ್ವಾಕಾಂಕ್ಷೆಯ ಬೋಧನೆ. ಇವುಗಳಲ್ಲಿ ಹೆಚ್ಚಿನವು ಗಟ್ಟಿಯಾಗಿದ್ದ ಶಾಲೆಗಳು ಓದು ಮತ್ತು ಗಣಿತದಲ್ಲಿ ಗಣನೀಯವಾಗಿ ಮೇಲೇರುವ ಸಾಧ್ಯತೆ, ಹೆಚ್ಚಿನವು ದುರ್ಬಲವಾಗಿದ್ದ ಶಾಲೆಗಳಿಗಿಂತ ಹತ್ತು ಪಟ್ಟು ಇತ್ತು.

ನಂಬಿಕೆಯ ಲೆಕ್ಕ ಇನ್ನೂ ಹರಿತ. ಶಿಕಾಗೋ ಶಾಲೆಗಳನ್ನು ಅಧ್ಯಯನ ಮಾಡಿದ ಆಂಥೋನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ 2002ರಲ್ಲಿ ತೋರಿಸಿದಂತೆ, ಶಿಕ್ಷಕರು, ಪೋಷಕರು, ಮುಖ್ಯಸ್ಥರ ನಡುವೆ ಪರಸ್ಪರ ನಂಬಿಕೆ ಬಲವಾಗಿದ್ದ ಶಾಲೆಗಳಲ್ಲಿ ಎರಡಕ್ಕೊಂದು ಸುಧಾರಿಸಿತು. ನಂಬಿಕೆ ಕುಸಿದಲ್ಲಿ ಏಳರಲ್ಲಿ ಒಂದು ಮಾತ್ರ.

ಇಷ್ಟಾದರೂ ಒಂದು ತೊಡಕು ಉಳಿದುಕೊಂಡಿತು. ‘ತೊಡಗಿಕೊಂಡ ಕುಟುಂಬಗಳು’ ಎಂಬ ಅಂಶಕ್ಕೆ ಅಂಕ ಬರುವುದು ಮುಖ್ಯವಾಗಿ ಶಿಕ್ಷಕರ ಉತ್ತರಗಳಿಂದ. ಪೋಷಕರ ಪ್ರಶ್ನಾವಳಿ ಪ್ರತ್ಯೇಕ, ಅದು ಅಂಕಕ್ಕೆ ಸೇರುವುದಿಲ್ಲ. ಶಿಕ್ಷಕರು ಶಾಲೆಯಲ್ಲೇ ಸಿಗುತ್ತಾರೆ, ಪೋಷಕರನ್ನು ಹುಡುಕಿಕೊಂಡು ಹೋಗಬೇಕು ಎಂಬುದು ನಿಜ. ಆದರೂ ಪೋಷಕರ ಬಗೆಗಿನ ತೀರ್ಪನ್ನು ಶಿಕ್ಷಕರಿಂದ ಪಡೆದು ಅದನ್ನು ಸಮುದಾಯದ ದನಿ ಎಂದು ಕರೆಯಲಾಗದು.

ನ್ಯೂಯಾರ್ಕ್ ನಗರ ಇನ್ನೊಂದು ದಾರಿ ಹಿಡಿಯಿತು. 2007ರಲ್ಲಿ ಪೋಷಕರನ್ನೂ ಕೇಳಿ, ಉತ್ತರಗಳನ್ನು ಶಾಲೆಯ ಶ್ರೇಣಿಗೆ ಸೇರಿಸಿತು. ಆಗ ನೂರರಲ್ಲಿ ಹತ್ತು ಅಂಕ ಸಮೀಕ್ಷೆಗೆ ಇತ್ತು. ಅಂಕ ಬಂದಲ್ಲಿ ಒತ್ತಡವೂ ಬರುತ್ತದೆ. ತನ್ನ ಮಗುವಿನ ಶಾಲೆಗೆ ಕೆಟ್ಟ ಹೆಸರು ಬಂದೀತೆಂದು ಅಂಜುವ ತಾಯಿ ‘ಎಲ್ಲಾ ಚೆನ್ನಾಗಿದೆ’ ಎಂದೇ ಗುರುತು ಹಾಕುತ್ತಾಳೆ.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ. ಶಿಕ್ಷಣ ಕುರಿತ ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದಿತು. ಶಾಲೆಗಳ ಮೌಲ್ಯಮಾಪನಕ್ಕಾಗಿ ಬಂದ 2015ರ ರಾಷ್ಟ್ರೀಯ ‘ಶಾಲಾ ಸಿದ್ಧಿ’ ಚೌಕಟ್ಟಿನ ಏಳು ಕ್ಷೇತ್ರಗಳಲ್ಲಿ ಕೊನೆಯದು ಸಮುದಾಯದ ಸಹಭಾಗಿತ್ವ. ಆದರೆ ಸ್ವಮೌಲ್ಯಮಾಪನದಲ್ಲಿ ಅದರ ಮಟ್ಟವನ್ನು ಗುರುತಿಸುವುದು ಶಾಲೆಯೇ. ಇಲ್ಲೂ ಪೆನ್ನು ಇರುವುದು ಮತ್ತೊಬ್ಬರ ಕೈಯಲ್ಲಿ.

ಸಮಿತಿಯೊಂದು ತಾನೇ ಕೇಳಲು ಹೊರಟರೆ ಮೊದಲು ಸಂಖ್ಯೆ ನೋಡಬೇಕು. 120 ಮನೆಗಳಿರುವ ಶಾಲೆಯಲ್ಲಿ ಚೀಟಿ ಎತ್ತಿ 40 ಮನೆ ಆರಿಸಿದರೂ ಸಮೀಕ್ಷೆಯ ಫಲಿತಾಂಶ ಸುಮಾರು 13 ಶೇಕಡಾ ಅಂಶ ಆಚೀಚೆ ಹೋಗಬಹುದು. ಹಾಗಿರುವಾಗ ‘ಶಾಲೆ ಚೆನ್ನಾಗಿದೆ’ ಎಂದವರು ಹೋದ ವರ್ಷ ಶೇ 60, ಈ ವರ್ಷ ಶೇ 66 ಎಂದರೆ ಅದು ಸುಧಾರಣೆ ಅನ್ನಲು ಬರುವುದಿಲ್ಲ. ಇಷ್ಟು ಚಿಕ್ಕ ಶಾಲೆಯಲ್ಲಿ ಎಲ್ಲ ಮನೆಗಳನ್ನೂ ಕೇಳುವುದೇ ಸರಿ. ಪೋಷಕರ ಸಭೆಗೆ ಬಂದವರನ್ನಷ್ಟೇ ಕೇಳಿದರೆ ಕೂಲಿ ಬಿಟ್ಟು ಬರಲಾಗದವರು, ವಲಸೆ ಹೋದವರು ಪೂರ್ತಿ ಬಿಟ್ಟುಹೋಗುತ್ತಾರೆ. ಶಾಲೆಯ ಮೇಲೆ ಹೆಚ್ಚು ದೂರು ಇರುವುದು ಅವರಿಗೇ ಇರಬಹುದು.

ಪ್ರಶ್ನೆ ಹದಿನೈದು ದಾಟದಿರಲಿ. ‘ಶಿಕ್ಷಕರು ಸಮಯಕ್ಕೆ ಬಂದು ಚೆನ್ನಾಗಿ ಪಾಠ ಮಾಡುತ್ತಾರೆಯೇ?’ ಎಂಬುದರಲ್ಲಿ ಎರಡು ಪ್ರಶ್ನೆಗಳಿವೆ, ಅದಕ್ಕೆ ಬರುವ ‘ಹೌದು’ ಯಾವುದಕ್ಕೆ ಎಂದು ತಿಳಿಯುವುದಿಲ್ಲ. ‘ಶಾಲೆ ಸುರಕ್ಷಿತವೇ?’ ಎನ್ನುವ ಬದಲು ‘ಕಳೆದ 30 ದಿನಗಳಲ್ಲಿ ಯಾರಾದರೂ ಹೊಡೆದರು ಅಥವಾ ಹೀಯಾಳಿಸಿದರು ಎಂದು ಮಗು ಮನೆಯಲ್ಲಿ ಹೇಳಿತ್ತೇ?’ ಎಂದು ಕೇಳಿ, ಹೊಡೆತಕ್ಕೂ ಹೀಯಾಳಿಕೆಗೂ ಬೇರೆ ಬೇರೆ ಗುರುತು ಪಡೆಯಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಹೇಳುವವರು ಆ ಶಾಲೆಯ ಶಿಕ್ಷಕರಾಗಲಿ, ಎಸ್‌ಡಿಎಂಸಿ ಅಧ್ಯಕ್ಷರಾಗಲಿ ಆಗಿರಬಾರದು. ಅವರ ಎದುರಿಗೆ ಯಾರೂ ಮನಬಿಚ್ಚಿ ಮಾತಾಡುವುದಿಲ್ಲ. ಮನೆಮಾತು ಉರ್ದು, ತೆಲುಗು, ಲಂಬಾಣಿ ಆಗಿದ್ದರೆ ಆ ಭಾಷೆ ಬಲ್ಲವರೇ ಹೋಗಬೇಕು.

ಹೆಸರು ಬರೆಸಬಾರದು. ತರಗತಿವಾರು, ಕೇರಿವಾರು ಲೆಕ್ಕ ಬಿಡಿಸುವಾಗ ಹತ್ತಕ್ಕಿಂತ ಕಡಿಮೆ ಉತ್ತರಗಳಿರುವ ಗುಂಪನ್ನು ಪ್ರತ್ಯೇಕವಾಗಿ ತೋರಿಸಬಾರದು, ಸಣ್ಣ ಊರಲ್ಲಿ ಯಾರು ಏನು ಹೇಳಿದರೆಂದು ತಕ್ಷಣ ಗೊತ್ತಾಗುತ್ತದೆ. ಆದರೆ ಸರಾಸರಿ ಒಂದನ್ನೇ ಹೇಳಿ ಮುಗಿಸುವುದೂ ತಪ್ಪು. ನಾಲ್ಕರಲ್ಲಿ 3 ಎಂಬ ಅಂಕದ ಹಿಂದೆ, ಒಂದು ಕೇರಿಯವರೆಲ್ಲ 4 ಕೊಟ್ಟು ಇನ್ನೊಂದು ಕೇರಿಯವರೆಲ್ಲ 2 ಕೊಟ್ಟಿರಬಹುದು. ಆ ಅಂತರ ಕಂಡರೆ ಸಮಿತಿಯ ಮುಂದಿನ ಸಭೆಯನ್ನು 2 ಕೊಟ್ಟವರ ಕೇರಿಯಲ್ಲಿ, ಅವರು ಕೂಲಿಯಿಂದ ಬಂದ ಮೇಲೆ, ಸಂಜೆ ಇಟ್ಟುಕೊಳ್ಳಬೇಕು.