ಹಾಲ್ ಒಂದು, ಬಂದವರು ಎರಡು ಗುಂಪು: ಕ್ಯಾಲೆಂಡರ್ ಇದ್ದೂ ಹೀಗೇಕೆ?

ಓದುಗರ ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ವಿದ್ಯಾಸಂಸ್ಥೆ. ಒಂದು ದೊಡ್ಡ ಹಾಲ್, ಒಂದು ಮೀಟಿಂಗ್ ರೂಮ್, ಎರಡು ಪ್ರೊಜೆಕ್ಟರ್, ಒಂದು ಮೈಕ್ ಸೆಟ್ ಇವೆ. ಶಾಲೆಯವರೂ ಬಳಸುತ್ತಾರೆ, ಹೊರಗಿನ ಸಂಘದವರೂ ಕೇಳುತ್ತಾರೆ. ಮೊದಲು ಡೈರಿಯಲ್ಲಿ ಬರೆಯುತ್ತಿದ್ದೆವು. ಈಗ ಗೂಗಲ್ ಕ್ಯಾಲೆಂಡರ್‌ಗೆ ಬಂದಿದ್ದೇವೆ. ಆದರೂ ಒಂದೇ ಹೊತ್ತಿಗೆ ಇಬ್ಬರು ಬಂದು ನಿಲ್ಲುತ್ತಾರೆ. ತಪ್ಪು ಎಲ್ಲಿ?

ಹಾಲ್‌ನ ಹೆಸರನ್ನು ನೀವು ಎಲ್ಲಿ ಬರೆಯುತ್ತಿದ್ದೀರಿ ಎಂದು ಮೊದಲು ನೋಡಿ. 'ಪೋಷಕರ ಸಭೆ, ದೊಡ್ಡ ಹಾಲ್' ಎಂದು ಕಾರ್ಯಕ್ರಮದ ಹೆಸರಿನ ಜೊತೆಗೇ ಟೈಪ್ ಮಾಡುತ್ತಿದ್ದರೆ, ತಪ್ಪು ಅಲ್ಲೇ ಇದೆ. ಸಾಫ್ಟ್‌ವೇರ್‌ಗೆ ಅದು ಬರೀ ಅಕ್ಷರ. ಆ ಹಾಲ್ ಆಗಲೇ ಬೇರೆಯವರಿಗೆ ಹೋಗಿದೆಯೇ ಎಂದು ಅದು ನೋಡುವುದೇ ಇಲ್ಲ. ಡೈರಿಯಾದರೂ ಒಂದೇ ಇತ್ತು, ಹಾಳೆ ತುಂಬಿದ್ದು ಕಣ್ಣಿಗೆ ಕಾಣುತ್ತಿತ್ತು. ಈಗ ಹತ್ತು ಜನರ ಹತ್ತಿರ ಹತ್ತು ಕ್ಯಾಲೆಂಡರ್, ಅಲ್ವಾ?

ಈ ಪೆಟ್ಟು ನಾನೂ ತಿಂದಿದ್ದೇನೆ. ಮೈಸೂರಿನ ಒಂದು ತರಬೇತಿ ಕೇಂದ್ರದಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದಾಗ, ದಸರಾಕ್ಕೆ ಮುಂಚಿನ ಒಂದು ಶನಿವಾರ ಹೊರಊರಿನ ತಂಡವೊಂದು ಬಂದಿಳಿಯಿತು. ಹಾಲ್‌ನಲ್ಲಿ ಆಗಲೇ ಇನ್ನೊಂದು ತಂಡ ಕೂತಿತ್ತು. ಬಂದವರಲ್ಲಿ ವಯಸ್ಸಾದವರೂ ಇದ್ದರು. ಅವರನ್ನು ವರಾಂಡದಲ್ಲಿ ಕೂರಿಸಿ ಕ್ಷಮೆ ಕೇಳಿದ್ದು ಇವತ್ತಿಗೂ ಮನಸ್ಸಿನಲ್ಲಿದೆ.

ಪರಿಹಾರ ಏನೆಂದರೆ, ಹಾಲ್‌ಗೂ ಪ್ರೊಜೆಕ್ಟರ್‌ಗೂ ಅವುಗಳದೇ ಆದ ಕ್ಯಾಲೆಂಡರ್ ಕೊಡಬೇಕು. ಸಭೆಗೆ ಮನುಷ್ಯರನ್ನು ಕರೆಯುವ ಹಾಗೆ ಹಾಲ್ ಅನ್ನೂ ಕರೆಯಬೇಕು. ಬಿಡುವಿದ್ದರೆ ಅದೇ ಒಪ್ಪುತ್ತದೆ, ಇಲ್ಲದಿದ್ದರೆ ಅದೇ ಬೇಡ ಎನ್ನುತ್ತದೆ. ಸಂಸ್ಥೆಗಳಿಗೆಂದೇ ಇರುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ, ಖಾತೆಗಳನ್ನು ನೋಡಿಕೊಳ್ಳುವವರು (ಅಡ್ಮಿನ್) ಬಳಸುವ ಅಡ್ಮಿನ್ ಕನ್ಸೋಲ್ ಒಳಗೆ 'ಬಿಲ್ಡಿಂಗ್ಸ್ ಅಂಡ್ ರಿಸೋರ್ಸಸ್' ಎಂಬ ಜಾಗವಿದೆ. ಮೊದಲು ಕಟ್ಟಡ ಸೇರಿಸಿ, ಆಮೇಲೆ ರೂಮ್‌ಗಳನ್ನು, ಎಷ್ಟು ಜನ ಹಿಡಿಯುತ್ತಾರೆ ಎಂಬುದನ್ನು ಸೇರಿಸಿ. ಅರ್ಹ ಶಾಲಾ ಕಾಲೇಜುಗಳಿಗೆ ವರ್ಕ್‌ಸ್ಪೇಸ್‌ನ ಮೂಲ ಶಿಕ್ಷಣ ಆವೃತ್ತಿ ಉಚಿತವಾಗಿ ಸಿಗುತ್ತದೆ. ಮೈಕ್ರೋಸಾಫ್ಟ್ 365 ಬಳಸುವವರಾದರೆ ರೂಮ್‌ಗೊಂದು, ಸಲಕರಣೆಗೊಂದು ಮೇಲ್‌ಬಾಕ್ಸ್ ಮಾಡಬೇಕು, ಅದರ ಕ್ಯಾಲೆಂಡರ್ ಅದರೊಳಗೇ ಇರುತ್ತದೆ.

ಉಚಿತ ಜಿಮೇಲ್ ಖಾತೆಯಲ್ಲಿ ಈ ಸೌಲಭ್ಯ ಇಲ್ಲ. ಹಾಲ್‌ಗೆಂದು ಬೇರೆ ಕ್ಯಾಲೆಂಡರ್ ಮಾಡಿ ಹಂಚಿಕೊಳ್ಳಬಹುದು. ಆದರೆ ಅದು ಯಾರನ್ನೂ ತಡೆಯುವುದಿಲ್ಲ, ಒಂದರ ಮೇಲೊಂದು ಬರೆದರೂ ಸುಮ್ನೆ ಇರುತ್ತದೆ. ಹಾಗಾಗಿ ಎಲ್ಲರಿಗೂ ನೋಡಲು ಬಿಡಿ, ಬರೆಯುವ ಅಧಿಕಾರ ಒಬ್ಬರಿಗೆ ಮಾತ್ರ ಕೊಡಿ.

ಇನ್ನು ಸಲಕರಣೆಗಳ ವಿಷಯ. ಹೆಚ್ಚು ಜನ ಎಡವುವುದು ಇಲ್ಲೇ. 'ಪ್ರೊಜೆಕ್ಟರ್' ಎಂದು ಒಂದೇ ಹೆಸರು ಇಟ್ಟರೆ ನಿಮ್ಮ ಎರಡನೆಯ ಪ್ರೊಜೆಕ್ಟರ್ ಲೆಕ್ಕಕ್ಕೇ ಬರುವುದಿಲ್ಲ. 'ಪ್ರೊಜೆಕ್ಟರ್ 1', 'ಪ್ರೊಜೆಕ್ಟರ್ 2' ಎಂದು ಬೇರೆ ಬೇರೆ ಮಾಡಿ, ಅದೇ ಹೆಸರಿನ ಚೀಟಿಯನ್ನು ಪ್ರೊಜೆಕ್ಟರ್ ಮೇಲೂ ಅಂಟಿಸಿ. ಚೀಟಿ ಇಲ್ಲದಿದ್ದರೆ ಅಟೆಂಡರ್ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ, ಸ್ಕ್ರೀನ್ ಮೇಲೆ ಇರುವುದೇ ಒಂದು, ಹಾಲ್‌ನಲ್ಲಿ ಇರುವುದೇ ಒಂದು ಆಗುತ್ತದೆ. ಕೇಬಲ್, ರಿಮೋಟ್ ಅದರ ಬ್ಯಾಗ್‌ನಲ್ಲೇ ಇರಲಿ. ಕೇಬಲ್‌ಗೆ ಬೇರೆ ಬುಕಿಂಗ್ ಬೇಡ. ಯಾವಾಗಲೂ ಹಾಲ್‌ನಲ್ಲೇ ಇರುವ ಮೈಕ್ ಸೆಟ್‌ಗೂ ಬೇಡ, ಅದು ಹಾಲ್‌ನ ವಿವರದಲ್ಲಿ ಬರೆದಿದ್ದರೆ ಸಾಕು. ಅಲ್ಲಿಂದ ಇಲ್ಲಿಗೆ ಓಡಾಡುವ ವಸ್ತುವಿಗೆ ಮಾತ್ರ ಪ್ರತ್ಯೇಕ ಕ್ಯಾಲೆಂಡರ್ ಬೇಕು.

ಕುರ್ಚಿಗಳ ಲೆಕ್ಕ ಬೇರೆ. 200 ಕುರ್ಚಿಗೆ 200 ಹೆಸರು ಇಡೋಕಾಗುತ್ತದೆಯೇ? ಇಂಥದ್ದಕ್ಕೆ ಎಷ್ಟು ಬೇಕು ಎಂದು ಸಂಖ್ಯೆ ಕೇಳುವ ಸಾಫ್ಟ್‌ವೇರ್ ಬೇಕಾಗುತ್ತದೆ. ಲಿಬ್ರೆಬುಕಿಂಗ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಆ ಅನುಕೂಲವಿದೆ. ಅದನ್ನು ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬೇಕು, ಸ್ವಲ್ಪ ತಿಳಿದವರ ಸಹಾಯ ಬೇಕು.

ನಿಮ್ಮ ದೊಡ್ಡ ಹಾಲ್‌ಗೆ ನಡುವೆ ಮಡಚುವ ಪಾರ್ಟಿಷನ್ ಇದೆಯೇ? ಇದ್ದರೆ 'ಹಾಲ್ ಎ', 'ಹಾಲ್ ಬಿ' ಎಂದು ಎರಡೇ ಹೆಸರು ಇಡಿ. 'ಪೂರ್ತಿ ಹಾಲ್' ಎಂದು ಮೂರನೆಯದು ಮಾಡಬೇಡಿ. ಹಾಗೆ ಮಾಡಿದರೆ ಒಬ್ಬರು ಪೂರ್ತಿ ಹಾಲ್ ತಗೊಂಡ ದಿನವೇ ಇನ್ನೊಬ್ಬರಿಗೆ 'ಹಾಲ್ ಎ' ಖಾಲಿ ಕಾಣುತ್ತದೆ. ಪೂರ್ತಿ ಬೇಕಾದವರು ಎರಡನ್ನೂ ಬುಕ್ ಮಾಡಲಿ.

ಹೊತ್ತಿನ ಬಗ್ಗೆ ಒಂದು ಮಾತು. 10ರಿಂದ 12ಕ್ಕೆ ಒಂದು ಸಭೆ, 12ರಿಂದ 2ಕ್ಕೆ ಇನ್ನೊಂದು. ಸಾಫ್ಟ್‌ವೇರ್ ಪ್ರಕಾರ ಇದರಲ್ಲಿ ಏನೂ ತಕರಾರಿಲ್ಲ. ಆದರೆ ಗುಡಿಸಿ, ಕುರ್ಚಿ ಸರಿ ಮಾಡುವವರಿಗೆ ಒಂದು ನಿಮಿಷವೂ ಉಳಿಯುವುದಿಲ್ಲ. ಹಿಂದೆ ಮುಂದೆ ಬಿಡುವು ಇಡುವ ಆಯ್ಕೆ ಇದ್ದರೆ ಅರ್ಧ ಗಂಟೆ ಇಡಿ. ಇಲ್ಲದಿದ್ದರೆ ಬುಕಿಂಗನ್ನೇ ಅರ್ಧ ಗಂಟೆ ಜಾಸ್ತಿ ಮಾಡಿ. ಬೇರೆ ಸಾಫ್ಟ್‌ವೇರ್ ಹಾಕಿಸಿದಾಗ ಸಮಯ ವಲಯವನ್ನೂ ನೋಡಿಕೊಳ್ಳಿ. ಅದು ಯುಟಿಸಿಯಲ್ಲೇ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲೇ, ಉಳಿದಿದ್ದರೆ ನಿಮ್ಮ ಬೆಳಿಗ್ಗೆ 10ರ ಸಭೆ 4:30ಕ್ಕೆ ಎಂದು ತೋರಿಸುತ್ತದೆ.

ಹಾಲ್ ಖಾಲಿ ಇದ್ದರೂ ಬೇಡ ಅನ್ನುತ್ತದೆ ಎಂದು ಔಟ್‌ಲುಕ್ (ಮೈಕ್ರೋಸಾಫ್ಟ್ 365ರ ಮೇಲ್ ಮತ್ತು ಕ್ಯಾಲೆಂಡರ್) ಬಳಸುವವರು ಆಗಾಗ ಕೇಳುತ್ತಾರೆ. ಅಲ್ಲಿ ರೂಮ್‌ಗಳನ್ನು ಎಷ್ಟು ಮುಂಚೆ ಬುಕ್ ಮಾಡಬಹುದು ಎಂಬುದಕ್ಕೆ 180 ದಿನಗಳ ಮಿತಿ ಮೊದಲೇ ಹಾಕಿರುತ್ತದೆ. ಪ್ರತಿ ಸೋಮವಾರ ಎಂದು ಕೊನೆಯ ದಿನಾಂಕವಿಲ್ಲದೆ ಹಾಕಿದರೆ ಅದು ಮಿತಿ ದಾಟುವುದರಿಂದ ಆ ಎಲ್ಲ ಸೋಮವಾರಗಳ ಬುಕಿಂಗನ್ನೂ ಒಟ್ಟಿಗೇ ತಿರಸ್ಕರಿಸುತ್ತದೆ. ಮಿತಿಯನ್ನು ಅಡ್ಮಿನ್ ಬದಲಾಯಿಸಬಹುದು. ಆದರೂ ಸೆಮಿಸ್ಟರ್ ಮುಗಿಯುವ ದಿನಾಂಕ ಕೊಡುವುದೇ ಒಳ್ಳೆಯದು. ಇಲ್ಲದಿದ್ದರೆ ರಜೆಯಲ್ಲೂ ಹಾಲ್ ಬುಕ್ ಆಗಿಯೇ ಇರುತ್ತದೆ. ಸಂಸ್ಥೆ ಬಿಟ್ಟುಹೋದ ಮೇಷ್ಟ್ರ ಬುಕಿಂಗ್‌ಗಳೂ ಹೀಗೇ ಉಳಿದುಬಿಡುತ್ತವೆ. ಅವರ ಖಾತೆ ತೆಗೆಯುವ ಮುಂಚೆ ಅವನ್ನೆಲ್ಲ ರದ್ದು ಮಾಡಿ.

ಹೊರಗಿನವರಿಗೆ ಮಾತ್ರ ಬುಕಿಂಗ್ ತಾನಾಗಿಯೇ ಒಪ್ಪಿಗೆ ಆಗಬಾರದು. ಅವರ ಕೋರಿಕೆ ಆಫೀಸಿಗೆ ಬರಲಿ, ಅಡ್ವಾನ್ಸ್ ಕಟ್ಟಿದ ಮೇಲೆ ನೀವೇ ಹಾಲ್ ಅನ್ನು ಸೇರಿಸಿ. 'ನೋಡಿ ಹೇಳ್ತೀವಿ' ಎಂದು ಹೋದವರಿಗೆ ಮೂರು ದಿನ ಹಿಡಿದಿಡಿ, ಆಮೇಲೆ ಬಿಟ್ಟುಬಿಡಿ. ಹಾಲ್‌ನ ಒಪ್ಪಿಗೆ ಬಂದಿದ್ದನ್ನು ಕಣ್ಣಾರೆ ನೋಡುವ ತನಕ ಯಾರೂ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡಬಾರದು. ಹಾಲ್ ಬೇಡ ಎಂದಿದ್ದರೂ ಕಾರ್ಯಕ್ರಮ ನಿಮ್ಮ ಸ್ವಂತ ಕ್ಯಾಲೆಂಡರ್‌ನಲ್ಲಿ ಹಾಗೇ ಇರುತ್ತದೆ. ಅದನ್ನು ನೋಡಿ ಆಯ್ತು ಅಂದುಕೊಂಡವರು ಬಹಳ ಜನ.

ಕೊನೆಗೆ ಬೀಗದಕೈ ಇಟ್ಟುಕೊಂಡವರನ್ನು ಮರೆಯಬೇಡಿ. ಅವರು ಕ್ಯಾಲೆಂಡರ್ ತೆರೆದು ನೋಡುವವರಲ್ಲದಿರಬಹುದು. ದಿನಾ ಬೆಳಿಗ್ಗೆ ಆ ದಿನದ ಪಟ್ಟಿಯನ್ನು ಪ್ರಿಂಟ್ ತೆಗೆದು ಹಾಲ್ ಬಾಗಿಲಿಗೆ ಅಂಟಿಸಿ, ಒಂದು ಪ್ರತಿ ಅವರ ಕೈಗೂ ಕೊಡಿ. ಪಟ್ಟಿಯಲ್ಲಿ ಇಲ್ಲದವರು ಬಂದರೆ ಬಾಗಿಲು ತೆಗೆಯುವ ಮುಂಚೆ ಆಫೀಸಿಗೆ ಫೋನ್ ಮಾಡಲಿ.