ಭಾಗಗಳ ಪಟ್ಟಿಗೆ ಮೊದಲು ನಿಮ್ಮ ಫೂಟೇಜ್ ನೋಡಿ

ವಿಡಿಯೊ ಎಡಿಟಿಂಗ್‌ಗೆ ಕಂಪ್ಯೂಟರ್ ಜೋಡಿಸಿಕೊಡಿ ಎಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಭಾಗಗಳ ಪಟ್ಟಿಯೊಂದನ್ನು ಬರೆದುಕೊಂಡೇ ಬಂದಿರುತ್ತಾರೆ. ಪಟ್ಟಿಯ ತಲೆಯಲ್ಲಿ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ, ಹಣದ ಅರ್ಧದಷ್ಟನ್ನು ಅದೇ ನುಂಗಿರುತ್ತದೆ, ಉಳಿದವೆಲ್ಲ ಮಿಕ್ಕ ಅರ್ಧದಲ್ಲಿ ಹೇಗೋ ತೂರಿಕೊಂಡಿರುತ್ತವೆ. ಗೇಮ್ ಆಡುವ ಕಂಪ್ಯೂಟರಿಗೆ ಅದು ಸರಿಯಾದ ಪಟ್ಟಿಯೇ. ಎಡಿಟಿಂಗ್‌ಗಾದರೆ ನಾನು ಅದನ್ನು ಬದಿಗಿಟ್ಟು, ಅವರ ಕ್ಯಾಮೆರಾದಿಂದಲೋ ಫೋನಿನಿಂದಲೋ ನೇರವಾಗಿ ಇಳಿಸಿಕೊಂಡ ಎರಡು ನಿಮಿಷದ ಕ್ಲಿಪ್ ಒಂದನ್ನು ಮೊದಲು ಕೇಳುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕ್ಲಿಪ್ ಇದಕ್ಕೆ ಪ್ರಯೋಜನವಿಲ್ಲ, ಅದು ದಾರಿಯಲ್ಲೇ ಕುಗ್ಗಿ ಬೇರೆಯದೇ ಫೈಲ್ ಆಗಿಬಿಟ್ಟಿರುತ್ತದೆ.

ಆ ಕ್ಲಿಪ್ಪನ್ನು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ನಾಲ್ಕೈದು ಸಾಲುಗಳಲ್ಲಿ ಬೇಕಾದ ಉತ್ತರವೆಲ್ಲ ಸಿಗುತ್ತದೆ. ಕೋಡೆಕ್ (ವಿಡಿಯೊವನ್ನು ಕುಗ್ಗಿಸಿ ಬರೆಯುವ ವಿಧಾನ) ಎಚ್.264 ಆಗಿದೆಯೋ ಎಚ್‌ಇವಿಸಿಯೋ, ಬಣ್ಣದ ಆಳ 8 ಬಿಟ್ಟೋ 10 ಬಿಟ್ಟೋ, ಬಣ್ಣದ ವಿವರ ಎಷ್ಟು ಉಳಿದಿದೆ ಎಂದು ಹೇಳುವ ಕ್ರೋಮಾ ಎಂಬ ಸಾಲಿನಲ್ಲಿ 4:2:0 ಎಂದಿದೆಯೋ ಹೆಚ್ಚು ವಿವರದ 4:2:2 ಎಂದಿದೆಯೋ, ಫ್ರೇಮ್ ದರ ಸ್ಥಿರವೋ ಬದಲಾಗುವಂಥದ್ದೋ, ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಡೇಟಾ) ಎಷ್ಟು ಎಂಬುದನ್ನು ತಿಳಿದ ಮೇಲೆಯೇ ಪ್ರೊಸೆಸರಿನ ಮಾತು ಎತ್ತಬೇಕು. ಒಂದೇ 4ಕೆ ಎಂಬ ಹೆಸರಿನಡಿ ಬರುವ ಎರಡು ಫೈಲ್‌ಗಳಲ್ಲಿ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ನೀರಿನಂತೆ ಹರಿದರೆ, ಇನ್ನೊಂದು ಅದರ ಎರಡರಷ್ಟು ಬೆಲೆಯ ಕಂಪ್ಯೂಟರನ್ನೂ ಮುಗ್ಗರಿಸುವಂತೆ ಮಾಡಬಹುದು.

ಇದಕ್ಕೆ ಕಾರಣ ಈ ಕೋಡೆಕ್‌ಗಳು ಜಾಗ ಉಳಿಸುವ ಬಗೆಯಲ್ಲಿದೆ. 2003ರಲ್ಲಿ ಬಂದ ಎಚ್.264 ಮತ್ತು 2013ರಲ್ಲಿ ಬಂದ ಎಚ್‌ಇವಿಸಿ ಎರಡೂ ಸಾಮಾನ್ಯವಾಗಿ ಒಂದು ಫ್ರೇಮನ್ನು ಪೂರ್ತಿಯಾಗಿ ಬರೆದು, ಅದರ ನಂತರದ ಹತ್ತಿಪ್ಪತ್ತು ಫ್ರೇಮ್‌ಗಳಿಗೆ ಏನು ಬದಲಾಯಿತು ಎಂಬುದನ್ನಷ್ಟೇ ಬರೆದಿಡುತ್ತವೆ. ಫೈಲನ್ನು ಮೊದಲಿನಿಂದ ಕೊನೆಯವರೆಗೆ ನೋಡುವವನಿಗೆ ಇದರಿಂದ ತೊಂದರೆಯಿಲ್ಲ. ಎಡಿಟ್ ಮಾಡುವವನು ಹಾಗೆ ನೋಡುವುದಿಲ್ಲ. ಆತ ಟೈಮ್‌ಲೈನ್‌ನಲ್ಲಿ ಹಿಂದಕ್ಕೆ ಮುಂದಕ್ಕೆ ಎಳೆದಾಡುತ್ತಾನೆ, ನಡುವೆ ಎಲ್ಲೋ ಕತ್ತರಿಸುತ್ತಾನೆ. ಅವನು ಬೆರಳಿಟ್ಟದ್ದು ಇಪ್ಪತ್ತನೆಯ ಫ್ರೇಮಿನ ಮೇಲಾದರೆ, ಕಂಪ್ಯೂಟರ್ ಹಿಂದೆ ಹೋಗಿ ಪೂರ್ಣ ಫ್ರೇಮನ್ನು ಹುಡುಕಿ, ಅಲ್ಲಿಂದ ಒಂದೊಂದೇ ಬದಲಾವಣೆಯನ್ನು ಬಿಡಿಸುತ್ತ ಇಪ್ಪತ್ತಕ್ಕೆ ಬಂದು ತಲುಪಬೇಕು. ಹೀಗೆ ಬಿಡಿಸುವ ಕೆಲಸಕ್ಕೆಂದೇ ಚಿಪ್ಪಿನೊಳಗೆ ಪುಟ್ಟದೊಂದು ಪ್ರತ್ಯೇಕ ಘಟಕ ಇರುತ್ತದೆ. ಆ ಘಟಕಕ್ಕೆ ನಿಮ್ಮ ಫೂಟೇಜ್ ಬಿಡಿಸಲು ಬಂದರೆ ಕೆಲಸ ಹಗುರ, ಬಾರದಿದ್ದರೆ ಅಷ್ಟೂ ಭಾರ ಪ್ರೊಸೆಸರಿನ ಕೋರ್‌ಗಳ ಮೇಲೆ ಬೀಳುತ್ತದೆ.

ಒಬ್ಬ ಗ್ರಾಹಕರು ಹೊಸ ಕಂಪ್ಯೂಟರನ್ನೇ ಹೊತ್ತುಕೊಂಡು ಬಂದಿದ್ದರು. ಒಳಗೆ ಒಳ್ಳೆಯ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಇತ್ತು, ರ‍್ಯಾಮ್ 32 ಜಿಬಿ ಇತ್ತು. ಆದರೂ ಒಂದೇ ಒಂದು ಕ್ಲಿಪ್ಪನ್ನು ಟೈಮ್‌ಲೈನಿಗೆ ಹಾಕಿದರೆ ಚಿತ್ರ ಕುಂಟುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಕ್ಲಿಪ್ ಓಡಿಸಿದೆ. ಪ್ರೊಸೆಸರಿನ ಗೆರೆ ಮೇಲಿನ ಅಂಚಿಗೆ ತಾಗಿಕೊಂಡಿತ್ತು. ಗ್ರಾಫಿಕ್ಸ್ ಪುಟದಲ್ಲಿ ವಿಡಿಯೊ ಡಿಕೋಡ್ ಎಂಬ ಪುಟ್ಟ ಚೌಕದ ಗೆರೆ ನೆಲ ಬಿಟ್ಟು ಏಳಲೇ ಇಲ್ಲ. ಅವರ ಕ್ಯಾಮೆರಾ ಬರೆಯುತ್ತಿದ್ದುದು 10 ಬಿಟ್, 4:2:2 ಎಚ್‌ಇವಿಸಿ. ಅದನ್ನು ಬಿಡಿಸುವುದು ಆ ತಲೆಮಾರಿನ ಕಾರ್ಡಿಗೆ ಗೊತ್ತಿರಲಿಲ್ಲ. ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಎಂಬ ಘಟಕವಿದ್ದು, 12ನೇ ತಲೆಮಾರಿನಿಂದೀಚಿನವು ಇಂಥ ಫೈಲನ್ನು ಸಲೀಸಾಗಿ ಬಿಡಿಸುತ್ತವೆ. ಆದರೆ ಇವರು ಕೊಂಡಿದ್ದು ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದ ಮಾದರಿ. ಆ ಅಕ್ಷರದ ಅರ್ಥ ಒಳಗಿನ ಗ್ರಾಫಿಕ್ಸ್ ಇಲ್ಲ ಎಂದು, ಅದಿಲ್ಲವೆಂದರೆ ಕ್ವಿಕ್ ಸಿಂಕ್ ಕೂಡ ಇಲ್ಲ. ಸ್ವಲ್ಪ ಹಣ ಉಳಿಯುತ್ತದೆಂದು ಯಾರೋ ಕೊಟ್ಟ ಸಲಹೆ, ಉಳಿದ ಅಷ್ಟೂ ಖರ್ಚನ್ನು ನಿಷ್ಫಲ ಮಾಡಿತ್ತು. ಅದೇ ಪ್ರೊಸೆಸರಿನ ‘ಎಫ್’ ಇಲ್ಲದ ಮಾದರಿಯನ್ನು ಕೂರಿಸಿದ ಮೇಲೂ ಮೊದಲ ಬಾರಿ ಏನೂ ಬದಲಾಗಲಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದನ್ನು ಕಂಡ ಮದರ್‌ಬೋರ್ಡ್ ಒಳಗಿನ ಗ್ರಾಫಿಕ್ಸನ್ನು ತಾನೇ ಮುಚ್ಚಿಟ್ಟಿತ್ತು. ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ಗೆ ಹೋಗಿ ಅದನ್ನು ತೆರೆದ ಬಳಿಕ ಕುಂಟು ನಿಂತಿತು.

ಆದ್ದರಿಂದ 10 ಬಿಟ್ 4:2:2 ಎಚ್‌ಇವಿಸಿ ಬರೆಯುವ ಕ್ಯಾಮೆರಾ ಇರುವವರಿಗೆ ಒಳಗಿನ ಗ್ರಾಫಿಕ್ಸ್ ಇರುವ ಇಂಟೆಲ್ ಪ್ರೊಸೆಸರನ್ನೇ ಕಡಿಮೆ ಖರ್ಚಿನ ದಾರಿಯೆಂದು ನಾನು ಸೂಚಿಸುತ್ತೇನೆ. ಎನ್‌ವಿಡಿಯಾ ಕಾರ್ಡ್‌ಗಳಿಗೆ 4:2:2 ಬಿಡಿಸುವ ಶಕ್ತಿ ಬಂದದ್ದು 2025ರಲ್ಲಿ ಹೊರಬಂದ 50 ಸರಣಿಯಿಂದ. ಅದೇ 4:2:2 ಎಚ್.264 ರೂಪದಲ್ಲಿದ್ದರೆ ಇನ್ನೂ ಕಷ್ಟ. ಪಿಸಿಗಳಲ್ಲಿ ಅದಕ್ಕೆ ಬಹುಕಾಲ ಹಾರ್ಡ್‌ವೇರ್ ನೆರವೇ ಇರಲಿಲ್ಲ. ಫೋನುಗಳು ಮತ್ತು ಸಾಧಾರಣ ಕ್ಯಾಮೆರಾಗಳು ಬರೆಯುವ 4:2:0 ಫೈಲ್‌ಗಳಿಗಾದರೆ ಈ ಚಿಂತೆಯೇ ಬೇಡ, ಈಚಿನ ಯಾವುದೇ ಕಂಪನಿಯ ಚಿಪ್ ಸಾಕಾಗುತ್ತದೆ. ಎಎಂಡಿಯ ಎಂಟು ಕೋರ್‌ಗಳ ಪ್ರೊಸೆಸರ್ ಒಳ್ಳೆಯ ಬೆಲೆಗೆ ಸಿಕ್ಕರೆ ಹಿಂಜರಿಯದೆ ಕೊಳ್ಳಬಹುದು. ಕೋರ್‌ಗಳು ಆರಕ್ಕಿಂತ ಕಡಿಮೆ ಬೇಡ. ಹದಿನಾರಕ್ಕೆ ಹೋಗುವ ಬದಲು ಆ ಹಣವನ್ನು ಬೇರೆಡೆ ಹಾಕುವುದೇ ಮನೆಯ ಕೆಲಸಕ್ಕೆ ಲೇಸು. ತಂತ್ರಾಂಶದ ಉಚಿತ ಆವೃತ್ತಿಗಳು ಹಾರ್ಡ್‌ವೇರ್ ನೆರವನ್ನು ಪೂರ್ತಿಯಾಗಿ ಬಳಸದಿರುವುದೂ ಉಂಟು, ಹೀಗಾಗಿ ತಯಾರಕರು ಪ್ರಕಟಿಸುವ ಕೋಡೆಕ್ ಪಟ್ಟಿಯನ್ನು ನೋಡಿಯೇ ಮುಂದುವರಿಯಬೇಕು.

ಇನ್ನು ಗ್ರಾಫಿಕ್ಸ್ ಕಾರ್ಡ್. ಕತ್ತರಿಸಿ ಜೋಡಿಸಿ ಒಂದಿಷ್ಟು ಶೀರ್ಷಿಕೆ ಹಾಕುವವರಿಗೆ ಪ್ರತ್ಯೇಕ ಕಾರ್ಡ್ ಇಲ್ಲದೆಯೂ ನಡೆಯುತ್ತದೆ ಎಂದರೆ ಬಹಳ ಜನ ನಂಬುವುದಿಲ್ಲ, ಮಾರುವವರಂತೂ ಒಪ್ಪುವುದೇ ಇಲ್ಲ. ಕಾರ್ಡಿನ ನಿಜವಾದ ಕೆಲಸ ಬಣ್ಣ ತಿದ್ದುವ ಕಲರ್ ಗ್ರೇಡಿಂಗ್, ಚಿತ್ರದಲ್ಲಿನ ಕಾಳುಕಾಳು ತೆಗೆಯುವ ನಾಯ್ಸ್ ರಿಡಕ್ಷನ್, ಎಫೆಕ್ಟ್‌ಗಳು. ಅಲ್ಲಿ ಕಾರ್ಡಿನ ವೇಗಕ್ಕಿಂತ ಅದರ ಮೇಲಿರುವ ಮೆಮೊರಿಯೇ ಮೊದಲು ಸೋಲುತ್ತದೆ. ಲೆಕ್ಕ ಹಾಕಿ ನೋಡಿ: 3840 ಬೈ 2160ರ ಒಂದು ಫ್ರೇಮಿನಲ್ಲಿ 82,94,400 ಪಿಕ್ಸೆಲ್‌ಗಳಿವೆ. ಬಣ್ಣದ ಕೆಲಸವನ್ನು ತಂತ್ರಾಂಶ 32 ಬಿಟ್ ನಿಖರತೆಯಲ್ಲಿ ಮಾಡುವಾಗ ಮೂರು ಬಣ್ಣ ಮತ್ತು ಪಾರದರ್ಶಕತೆ ಸೇರಿ ಪ್ರತಿ ಪಿಕ್ಸೆಲ್ 16 ಬೈಟ್ ಹಿಡಿಯುತ್ತದೆ. ಅಂದರೆ ಡಿಸ್ಕಿನ ಮೇಲೆ ಒಂದು ಎಂಬಿಯೂ ಇಲ್ಲದ ಫ್ರೇಮ್ ಕಾರ್ಡಿನೊಳಗೆ ಸುಮಾರು 133 ಎಂಬಿ ಆಗುತ್ತದೆ. ಅಕ್ಕಪಕ್ಕದ ಐದು ಫ್ರೇಮ್‌ಗಳನ್ನು ಹೋಲಿಸಿ ನೋಡುವ ನಾಯ್ಸ್ ರಿಡಕ್ಷನ್‌ಗೆ ಮೂಲ ಫ್ರೇಮ್‌ಗಳೇ 660 ಎಂಬಿ ದಾಟುತ್ತವೆ, ಅದರ ಮೇಲೆ ಪ್ರತಿ ಎಫೆಕ್ಟಿಗೂ ಮಧ್ಯಂತರ ಪ್ರತಿಗಳು ಬೇರೆ. 4ಕೆ ಕೆಲಸಕ್ಕೆ 8 ಜಿಬಿಗಿಂತ ಕಡಿಮೆಯ ಕಾರ್ಡ್ ಬೇಡ ಎನ್ನುವುದು ಈ ಲೆಕ್ಕದಿಂದ. ಒಂದು ಮೆಟ್ಟಿಲು ವೇಗ ಕಡಿಮೆಯಾದರೂ ಚಿಂತೆಯಿಲ್ಲ, ಮೆಮೊರಿ ಹೆಚ್ಚಿರುವ ಕಾರ್ಡನ್ನೇ ನಾನು ಆರಿಸುತ್ತೇನೆ. ವೇಗ ಕಡಿಮೆಯಾದರೆ ಎಕ್ಸ್‌ಪೋರ್ಟ್, ಅಂದರೆ ಮುಗಿದ ವಿಡಿಯೊವನ್ನು ಫೈಲಾಗಿ ಹೊರತೆಗೆಯುವ ಕೆಲಸ, ತಡವಾಗುತ್ತದೆ ಅಷ್ಟೆ. ಮೆಮೊರಿ ಸಾಲದಿದ್ದರೆ ಕೆಲಸವೇ ನಿಂತು ಎರರ್ ಬರುತ್ತದೆ.

ಅಗ್ಗದ ಕಾರ್ಡ್‌ಗಳಲ್ಲಿ ಇನ್ನೊಂದು ಬಲೆ ಇದೆ. ಒಂದು ತಲೆಮಾರಿನ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಚಿಕ್ಕದಕ್ಕೂ ದೊಡ್ಡದಕ್ಕೂ ವಿಡಿಯೊವನ್ನು ಕುಗ್ಗಿಸಿ ಬರೆಯುವ ಎನ್‌ಕೋಡರ್ ಎಂಬ ಘಟಕ ಒಂದೇ ಬಗೆಯದಿರುತ್ತದೆ ಎಂಬುದು ನಿಜವಾದರೂ, ತೀರ ಕೆಳದರ್ಜೆಯ ಕೆಲವದರಲ್ಲಿ ಆ ಘಟಕವನ್ನೇ ತೆಗೆದುಹಾಕಿರುತ್ತಾರೆ. ಎನ್‌ವಿಡಿಯಾದ ಜಿಟಿ 1030, 2022ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಇಂಥವು. ಗೇಮ್ ಆಡಲು ಇವು ಸಾಕೆನಿಸಿದರೂ ಎಕ್ಸ್‌ಪೋರ್ಟ್ ವೇಳೆಯಲ್ಲಿ ಕೈಕೊಡುತ್ತವೆ.

ರ‍್ಯಾಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1080 ಸಾಲಿನ ಕೆಲಸಕ್ಕೆ 16 ಜಿಬಿ, 4ಕೆಗೆ 32 ಜಿಬಿ. ಒಂದೇ ದೊಡ್ಡ ಸ್ಟಿಕ್ ಹಾಕಿದರೆ ಡೇಟಾ ಸಾಗುವ ಎರಡು ಚಾನೆಲ್‌ಗಳಲ್ಲಿ ಒಂದು ಖಾಲಿ ಉಳಿಯುತ್ತದೆ, ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಆ ನಷ್ಟ ಕಣ್ಣಿಗೆ ಕಾಣುತ್ತದೆ. ಅದಕ್ಕಾಗಿ ಒಂದೇ ಬಗೆಯ ಎರಡು ಸ್ಟಿಕ್ ಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಬರೆದ ವೇಗ ತಾನಾಗಿ ಬರುವುದಿಲ್ಲ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬುದನ್ನು ಆನ್ ಮಾಡಿದರಷ್ಟೇ ಬರುತ್ತದೆ. ಎರಡು ವರ್ಷ ಬಳಸಿಯೂ ಇದನ್ನು ಮಾಡಿರದ ಕಂಪ್ಯೂಟರ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಡಿಸ್ಕಿನ ವಿಷಯದಲ್ಲಿ ಜನ ವೇಗದ ಅಂಕಿಗೆ ಮಾರುಹೋಗುತ್ತಾರೆ. ಸೆಕೆಂಡಿಗೆ 100 ಮೆಗಾಬಿಟ್ ದರದ 4ಕೆ ವಿಡಿಯೊ ಕೇಳುವುದು ಸೆಕೆಂಡಿಗೆ ಹನ್ನೆರಡೂವರೆ ಎಂಬಿ, ಗಂಟೆಗೆ 45 ಜಿಬಿ. ಹಳೆಯ ಹಾರ್ಡ್ ಡಿಸ್ಕ್ ಕೂಡ ಸಾಲಾಗಿ ಓದುವಾಗ ಇದರ ಹತ್ತು ಪಟ್ಟು ಕೊಡಬಲ್ಲದು. ಹಾಗಿದ್ದೂ ಅದರ ಮೇಲೆ ಮೂರು ಕ್ಯಾಮೆರಾದ ಫೂಟೇಜ್ ಇಟ್ಟು ಎಡಿಟ್ ಮಾಡಿದರೆ ತಡವರಿಸುತ್ತದೆ. ನಿಮಿಷಕ್ಕೆ 7200 ಸುತ್ತುವ ತಟ್ಟೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಮೂರು ಫೈಲ್‌ಗಳ ನಡುವೆ ಹೆಡ್ ಜಿಗಿದಾಡುವಾಗ ಪ್ರತಿ ಜಿಗಿತಕ್ಕೂ ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಪ್ರತಿ ಫ್ರೇಮಿಗೆ ಇರುವ ಸಮಯವೇ 33 ಮಿಲಿಸೆಕೆಂಡು. ತಿರುಗುವ ತಟ್ಟೆಯಾಗಲಿ ಈ ಕಾಯುವಿಕೆಯಾಗಲಿ ಇಲ್ಲದ, ಕೇಬಲಿನಲ್ಲಿ ಜೋಡಿಸುವ ಸೆಟಾ ಎಸ್‌ಎಸ್‌ಡಿ, ಸೆಕೆಂಡಿಗೆ 550 ಎಂಬಿ ಕೊಡುವಂಥದ್ದು, ಕ್ಯಾಮೆರಾದ ಫೈಲ್‌ಗಳಿಗೆ ಧಾರಾಳವಾಗಿ ಸಾಕು. ಅತಿವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಗೆ ಹಾಕುವ ಹೆಚ್ಚುವರಿ ಹಣದಲ್ಲಿ ಎರಡನೆಯ ಡಿಸ್ಕ್ ಬರುವುದಾದರೆ ಎರಡನೆಯ ಡಿಸ್ಕನ್ನೇ ಕೊಳ್ಳಿ: ಒಂದರಲ್ಲಿ ಆಪರೇಟಿಂಗ್ ಸಿಸ್ಟಂ ಮತ್ತು ತಂತ್ರಾಂಶ, ಇನ್ನೊಂದರಲ್ಲಿ ಕೈಯಲ್ಲಿರುವ ಪ್ರಾಜೆಕ್ಟ್. ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಬಗೆಯ ಅಗ್ಗದ ಎಸ್‌ಎಸ್‌ಡಿಗಳು ಮೊದಲ ಕೆಲವು ಹತ್ತು ಜಿಬಿಯನ್ನು ವೇಗವಾಗಿ ನುಂಗಿ, ಕ್ಯಾಶ್ ತುಂಬಿದೊಡನೆ ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗುವುದುಂಟು, ಆದ್ದರಿಂದ ಮೂರು ಬಿಟ್ ತುಂಬುವ ಟಿಎಲ್‌ಸಿ ಎಂದು ಸ್ಪಷ್ಟವಾಗಿ ಬರೆದಿರುವುದನ್ನು ಆರಿಸುವುದು ಕ್ಷೇಮ. ಮುಗಿದ ಪ್ರಾಜೆಕ್ಟ್‌ಗಳನ್ನು ಇಡಲು ಮತ್ತು ಬ್ಯಾಕಪ್‌ಗೆ ಹಾರ್ಡ್ ಡಿಸ್ಕ್ ಇಂದಿಗೂ ಯೋಗ್ಯ.

ಮದರ್‌ಬೋರ್ಡ್ ಕೊಳ್ಳುವಾಗ ದೀಪ, ಬಣ್ಣಗಳನ್ನು ಮರೆತು ಅದರ ಕೈಪಿಡಿಯಲ್ಲಿ ಡಿಸ್ಕ್‌ಗಳ ಪುಟವನ್ನು ಓದಬೇಕು. ಎಸ್‌ಎಸ್‌ಡಿಯನ್ನು ಬೋರ್ಡಿಗೇ ನೇರವಾಗಿ ಚುಚ್ಚುವ ಎಂ.2 ಸ್ಲಾಟ್‌ಗಳಲ್ಲಿ ಎರಡನೆಯದನ್ನು ಬಳಸಿದರೆ ಒಂದೆರಡು ಸೆಟಾ ಪೋರ್ಟ್‌ಗಳು ಸತ್ತುಹೋಗುವ ಬೋರ್ಡ್‌ಗಳಿವೆ, ಆ ವಿಷಯ ಅಡಿಟಿಪ್ಪಣಿಯಲ್ಲಿ ಮಾತ್ರ ಇರುತ್ತದೆ. ಎಸ್‌ಎಂಪಿಎಸ್ (ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಪೆಟ್ಟಿಗೆ) ಮಾತ್ರ ಎಂದಿಗೂ ಸೆಕೆಂಡ್ ಹ್ಯಾಂಡ್ ಬೇಡ. ಅದರ ಮೇಲಿನ 80 ಪ್ಲಸ್ ಮುದ್ರೆ ವಿದ್ಯುತ್ತನ್ನು ಎಷ್ಟು ಪೋಲು ಮಾಡದೆ ಬಳಸುತ್ತದೆ ಎಂಬುದಕ್ಕೆ ಪ್ರಮಾಣವೇ ಹೊರತು ಒಳಗಿನ ಗುಣಮಟ್ಟಕ್ಕಲ್ಲ, ಹೀಗಾಗಿ ವಾರಂಟಿ ಎಷ್ಟು ವರ್ಷ ಎಂಬುದನ್ನು ನಾನು ಹೆಚ್ಚು ನಂಬುತ್ತೇನೆ. ಬಿಚ್ಚಿ ಹಾಕುವ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಬದಲಿಸಿದಾಗ ಹಳೆಯ ಕೇಬಲ್‌ಗಳನ್ನೂ ಬದಲಿಸಬೇಕು. ಕಸುಬಿನ ಮೊದಲ ವರ್ಷಗಳಲ್ಲಿ ನಾನು ಸೋಮಾರಿತನದಿಂದ ಹಳೆಯ ಸೆಟಾ ಕೇಬಲನ್ನೇ ಹೊಸದಕ್ಕೆ ಚುಚ್ಚಿ, ಗ್ರಾಹಕರ ಡಿಸ್ಕ್ ಒಂದನ್ನು ಸುಟ್ಟಿದ್ದೇನೆ. ಕನೆಕ್ಟರ್ ಸರಿಯಾಗಿ ಕೂತಿತ್ತು, ಒಳಗಿನ ತಂತಿಗಳ ಸ್ಥಾನ ಮಾತ್ರ ಬೇರೆಯಾಗಿತ್ತು.

ಕೂಲರ್ ವಿಷಯದಲ್ಲಿ ಎಡಿಟಿಂಗ್ ಬೇರೆ ಕೆಲಸಗಳಂತಲ್ಲ. ಗೇಮ್‌ನಲ್ಲಿ ಭಾರ ಏರಿಳಿಯುತ್ತದೆ. ಎಕ್ಸ್‌ಪೋರ್ಟ್‌ನಲ್ಲಿ ಮುಕ್ಕಾಲು ಗಂಟೆ ಎಲ್ಲ ಕೋರ್‌ಗಳೂ ಒಂದೇ ಸಮನೆ ದುಡಿಯುತ್ತವೆ. ಬಿಸಿ ಮಿತಿ ಮೀರಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುವುದರಿಂದ, ದುಡ್ಡು ಕೊಟ್ಟು ಕೊಂಡ ವೇಗ ಕೈಗೆ ಬಾರದೆ ಹೋಗುತ್ತದೆ. 120 ಮಿಲಿಮೀಟರ್ ಫ್ಯಾನಿನ ಸಾಧಾರಣ ಟವರ್ ಕೂಲರ್, ಮುಂಭಾಗದಲ್ಲಿ ಗಾಜಿನ ಬದಲು ಜಾಲರಿ ಇರುವ ಕ್ಯಾಬಿನೆಟ್, ಇಷ್ಟಿದ್ದರೆ ಸಾಕು.

ಎಲ್ಲರೂ ಕೊನೆಗೆ ಉಳಿದ ಹಣದಲ್ಲಿ ಕೊಳ್ಳುವ ಮಾನಿಟರನ್ನು ನಾನು ಮೊದಲೇ ಲೆಕ್ಕಕ್ಕೆ ಹಿಡಿಯುತ್ತೇನೆ. ಕಂಪ್ಯೂಟರ್ ಪರದೆಗಳ ಸಾಮಾನ್ಯ ಬಣ್ಣದ ಮಾನಕವಾದ ಎಸ್‌ಆರ್‌ಜಿಬಿಯ ಬಣ್ಣಗಳನ್ನು ಪೂರ್ತಿ ತೋರಿಸುವ ಐಪಿಎಸ್ ಪರದೆ ಬೇಕು. ಹೈ ಡೆಫಿನಿಷನ್ ವಿಡಿಯೊದ ರೆಕ್ 709 ಮಾನಕಕ್ಕೂ ಎಸ್‌ಆರ್‌ಜಿಬಿಗೂ ಮೂಲವರ್ಣಗಳು ಒಂದೇ, ಹಾಗಾಗಿ ಇದು ಕೇವಲ ಶೋಕಿಯಲ್ಲ. 4ಕೆ ಎಡಿಟ್ ಮಾಡಲು 4ಕೆ ಪರದೆಯೇ ಬೇಕೆಂದೇನಿಲ್ಲ, ಆದರೆ ತಪ್ಪು ಬಣ್ಣ ತೋರಿಸುವ ಪರದೆಯ ಮುಂದೆ ಕೂತು ಮುಖದ ಬಣ್ಣ ತಿದ್ದಿದವರು ಅದನ್ನು ಬೇರೆಯವರ ಫೋನಿನಲ್ಲಿ ನೋಡಿ ಮತ್ತೆ ತಿದ್ದಬೇಕಾಗುತ್ತದೆ.

ಇಷ್ಟಕ್ಕೂ ಹಣ ಒದಗದಿದ್ದರೆ ಪ್ರಾಕ್ಸಿ, ಅಂದರೆ ಎಡಿಟ್ ಮಾಡುವಾಗಷ್ಟೇ ಬಳಸುವ ಹಗುರವಾದ ನಕಲು, ಇದೆ; ಅದಕ್ಕೆ ಒಂದು ಪೈಸೆಯ ಖರ್ಚಿಲ್ಲ. 4ಕೆ ಫೂಟೇಜಿಗೆ 1080 ಸಾಲಿನ ನಕಲು ಮಾಡಿಕೊಂಡರೆ ಪಿಕ್ಸೆಲ್‌ಗಳು ಕಾಲುಭಾಗವಾಗುತ್ತವೆ. ಆ ನಕಲು ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಂಬ ಕೋಡೆಕ್‌ನಲ್ಲಿದ್ದರೆ ಪ್ರತಿ ಫ್ರೇಮೂ ಸ್ವತಂತ್ರವಾಗಿ ಇರುವುದರಿಂದ ಹಳೆಯ ಪ್ರೊಸೆಸರ್ ಕೂಡ ಎಳೆದಾಟಕ್ಕೆ ಜಗ್ಗುವುದಿಲ್ಲ. ರಾತ್ರಿ ನಕಲಿಗೆ ಹಾಕಿ ಮಲಗಿದರೆ ಬೆಳಿಗ್ಗೆ ಕೆಲಸ ಶುರು ಮಾಡಬಹುದು, ಎಕ್ಸ್‌ಪೋರ್ಟ್ ವೇಳೆ ತಂತ್ರಾಂಶ ಮೂಲ ಫೈಲನ್ನೇ ಬಳಸುತ್ತದೆ. ಮೂರು ತಿಂಗಳು ಪ್ರಾಕ್ಸಿಯಲ್ಲಿ ಕೆಲಸ ಮಾಡಿ, ಎಲ್ಲಿ ನಿಧಾನವಾಗುತ್ತಿದೆಯೆಂದು ಕಂಡುಕೊಂಡು ಬಂದವರಿಗೆ ಭಾಗ ಆರಿಸಿಕೊಡುವುದು ನನಗೂ ಸುಲಭ.

ಭಾಗಗಳು ಕೈಗೆ ಬಂದ ದಿನವೇ ಎಲ್ಲ ಜೋಡಿಸಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಒಂದು ಗಂಟೆಯ ಎಕ್ಸ್‌ಪೋರ್ಟ್ ಹಾಕಿ ನೋಡಬೇಕು, ಅದೂ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿ. ಹತ್ತನೆಯ ನಿಮಿಷದಲ್ಲಿದ್ದ ಕ್ಲಾಕ್ ವೇಗ ಐವತ್ತನೆಯ ನಿಮಿಷದಲ್ಲೂ ಸರಿಸುಮಾರು ಅಷ್ಟೇ ಇದ್ದರೆ ಸರಿ. ಮೊದಲ ನಿಮಿಷದಲ್ಲೇ ಬಿಸಿ 95 ಡಿಗ್ರಿಗೆ ಹಾರಿ ವೇಗ ಅರ್ಧಕ್ಕಿಳಿದರೆ ಪ್ರೊಸೆಸರನ್ನು ದೂರುವ ಮೊದಲು ಕೂಲರ್ ಬಿಚ್ಚಿ ಅದರ ತಳವನ್ನು ನೋಡಿ. ‘ತೆಗೆದು ಬಳಸಿ’ ಎಂದು ಅಚ್ಚಾದ ಪ್ಲಾಸ್ಟಿಕ್ ಹಾಳೆ ಇನ್ನೂ ಅಲ್ಲೇ ಅಂಟಿಕೊಂಡಿರಬಹುದು.